ಮೋಡೆಮ್ ಬೇರೆ, ರೌಟರ್ ಬೇರೆ ಯಾಕೆ? ಒಂದೇ ಡಬ್ಬಿ ಸಾಲದೆ?

ಪ್ರಶ್ನೆ: ನಮ್ಮದು 150 ಎಂಬಿಪಿಎಸ್ ಫೈಬರ್ ಸಂಪರ್ಕ. ಬಾಗಿಲ ಮೇಲೆ ಫೈಬರ್ ಮೋಡೆಮ್, ಪಕ್ಕದಲ್ಲಿ ವೈಫೈ ರೌಟರ್, ಎರಡಕ್ಕೂ ಬೇರೆ ಬೇರೆ ಅಡಾಪ್ಟರ್. ಸ್ಪೀಡ್ ಯಾವಾಗ ನೋಡಿದರೂ 94-95 ದಾಟುವುದಿಲ್ಲ. ಎರಡನ್ನೂ ತೆಗೆದು ಒಂದೇ ಡಬ್ಬಿ ಹಾಕಬಹುದೆ? ನಾವೇ ಮಾಡಿಕೊಳ್ಳಲು ಆಗುತ್ತದೆಯೆ?
– ಓದುಗರು, ಶಿರಸಿ

ಉತ್ತರ: ಆಗುತ್ತದೆ. ಆದರೆ ಅಂಗಡಿಗೆ ಹೋಗುವ ಮೊದಲು ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ. ಬೀದಿಯಲ್ಲಿ ಬರುವ ಒಂದೇ ಫೈಬರ್ ಸ್ಪ್ಲಿಟರ್‌ನಲ್ಲಿ ಕವಲೊಡೆದು ಹತ್ತಾರು ಮನೆ ಸೇರುತ್ತದೆ. ಯಾವ ಮನೆಯ ಡಬ್ಬಿ ಯಾವಾಗ ಮಾತಾಡಬೇಕು ಎಂದು ನಿಗದಿ ಮಾಡುವುದು ಅವರ ಕಡೆಯ ಯಂತ್ರ. ಅದರ ಪಟ್ಟಿಯಲ್ಲಿ ಹೆಸರಿಲ್ಲದ ಡಬ್ಬಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಹಾಗಾಗಿ ಕೇಳಬೇಕಾದದ್ದು ಮೂರು: ಲೈನು ಜಿಪಾನ್ ಬಗೆಯದೋ ಇಪಾನ್ ಬಗೆಯದೋ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಎರಡು ಪದ್ಧತಿಗಳಿವು), ಹೊರಗಿನಿಂದ ಕೊಂಡ ಡಬ್ಬಿಯನ್ನು ನೋಂದಾಯಿಸಿಕೊಡುತ್ತಾರೆಯೆ, ಲ್ಯಾಂಡ್‌ಲೈನ್ ಕೂಡ ಅದೇ ಫೈಬರ್‌ನಲ್ಲಿದ್ದರೆ ಹೊಸ ಡಬ್ಬಿಯಲ್ಲಿ ಅದು ನಡೆಯುತ್ತದೆಯೆ. ಜಿಪಾನ್ ಆದರೆ ಡಬ್ಬಿಯ ತಳದಲ್ಲಿರುವ ಸೀರಿಯಲ್ ನಂಬರ್, ಇಪಾನ್ ಆದರೆ ಸಾಮಾನ್ಯವಾಗಿ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಡಬ್ಬಿಯ ಗುರುತಿನ ಸಂಖ್ಯೆ) ಕೊಡಬೇಕಾಗುತ್ತದೆ.

ಇನ್ನು ಆ 94-95. ಇದು 100 ಎಂಬಿಪಿಎಸ್ ಪೋರ್ಟಿನ ಗುರುತು. ಮೋಡೆಮ್ಮಿನದೋ ರೌಟರಿನದೋ ಪೋರ್ಟ್ 100ರದ್ದಿದ್ದರೆ ನೀವು 300ರ ಪ್ಲ್ಯಾನ್ ಹಾಕಿಸಿದರೂ ಅಷ್ಟೇ. ಎರಡೂ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದು ನಡುವಿನ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ತುಂಡಾಗಿದ್ದರೂ ಇದೇ ಅಂಕಿ ಬರಬಹುದು. ಮೊದಲು ಒಳ್ಳೆಯ ಕ್ಯಾಟ್-5ಇ ಕೇಬಲ್ ಹಾಕಿ ನೋಡಿ. ಹೊಸ ಡಬ್ಬಿಯೇ ಬೇಡವಾದೀತು.

ಕೊಳ್ಳುವುದೇ ಆದರೆ ಪೆಟ್ಟಿಗೆಯ ಮೇಲೆ ‘ಮೋಡೆಮ್ ರೌಟರ್’ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಡಿಎಸ್‌ಎಲ್ ಎಂದಿದ್ದರೆ ಅದು ಟೆಲಿಫೋನ್ ತಂತಿಯ ಕಾಲದ್ದು. ಬರೀ ರೌಟರ್‌ನಲ್ಲಿ ಫೈಬರ್ ಸಿಕ್ಕಿಸುವ ತೂತೇ ಇರುವುದಿಲ್ಲ. ನಿಮಗೆ ಬೇಕಾದ್ದು ಎಕ್ಸ್‌ಪಾನ್ ಓಎನ್‌ಟಿ (ಫೈಬರ್ ಮೋಡೆಮ್ಮಿನ ಇನ್ನೊಂದು ಹೆಸರು): ಜಿಪಾನ್, ಇಪಾನ್ ಎರಡಕ್ಕೂ ಒಗ್ಗುವಂಥದ್ದು, ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ) ವೈಫೈ ಇರುವಂಥದ್ದು. ಲ್ಯಾನ್ ಪೋರ್ಟುಗಳನ್ನು (ಮನೆಯೊಳಗಿನ ಕೇಬಲ್ ಹಾಕುವ ಕಿಂಡಿಗಳನ್ನು) ಎಣಿಸಿ ನೋಡಿ; ಒಂದು ಗಿಗಾಬಿಟ್, ಉಳಿದವು 100ರದ್ದು ಎಂಬ ಜಾಣತನ ಇಲ್ಲಿ ಸಾಮಾನ್ಯ.

ಹಳೆಯದನ್ನು ಬಿಚ್ಚುವ ಮುನ್ನ ಪಿಪಿಪಿಒಇ (ಕನೆಕ್ಷನ್ನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಲೈನಿನಲ್ಲಿ ನಿಮ್ಮ ಇಂಟರ್‌ನೆಟ್ ಸೇವೆಯನ್ನು ಗುರುತಿಸುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ತೆರೆಯುವ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಪಾಸ್‌ವರ್ಡ್ ಬರೀ ಚುಕ್ಕಿಗಳಾಗಿ ಕಾಣುತ್ತದೆ, ಕನೆಕ್ಷನ್ ಕೊಟ್ಟವರನ್ನು ಕೇಳಿಯೇ ಪಡೆಯಬೇಕು. ಕುತೂಹಲಕ್ಕೆಂದು ರೀಸೆಟ್ ತೂತಿಗೆ ಪಿನ್ನು ಚುಚ್ಚಬೇಡಿ, ಅವರು ಹಾಕಿಕೊಟ್ಟ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ.

ಕರೆಂಟ್ ಆಫ್ ಮಾಡಿ, ಹಸಿರು ಕನೆಕ್ಟರ್ ಹಿಡಿದು ನೇರವಾಗಿ ಎಳೆಯಿರಿ. ತುದಿ ಮುಟ್ಟಬೇಡಿ, ಬೆರಳಿನ ಜಿಡ್ಡು ಬೆಳಕನ್ನು ತಡೆಯುತ್ತದೆ. ತುದಿಯೊಳಗೆ ಇಣುಕಬೇಡಿ, ಅಲ್ಲಿ ಬರುವ 1490 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಹಸಿರನ್ನು ಹಸಿರಿಗೇ ಹಾಕಿ. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ಓರೆಯಿಲ್ಲ. ಒಂದರೊಳಗೊಂದು ‘ಟಕ್’ ಎಂದು ಕೂತರೂ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಹೆಚ್ಚಾದ ಫೈಬರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ.

ಈಗ ದೀಪ ನೋಡಿ. ಲಾಸ್ ಎಂಬ ಕೆಂಪು ದೀಪ ಮಿನುಗಿದರೆ ಬೆಳಕೇ ಬರುತ್ತಿಲ್ಲ: ಕನೆಕ್ಟರೋ ಫೈಬರೋ ಕೆಟ್ಟಿದೆ. ಕೆಂಪಿಲ್ಲದೆ ಪಾನ್ ದೀಪ (ನಿಮ್ಮೂರಿನ ಕವಳಕ್ಕೂ ಇದಕ್ಕೂ ಸಂಬಂಧವಿಲ್ಲ) ಮಿನುಗುತ್ತಲೇ ಇದ್ದರೆ ಬೆಳಕು ಬಂದಿದೆ, ನೋಂದಣಿ ಆಗಿಲ್ಲ. ಮತ್ತೆ ಫೋನ್ ಮಾಡಬೇಕು. ಪಾನ್ ಸ್ಥಿರವಾದ ಮೇಲೆ ಡಬ್ಬಿಯ ಪುಟದಲ್ಲಿ ಆರ್‌ಎಕ್ಸ್ ಪವರ್ (ಬರುವ ಬೆಳಕಿನ ಬಲ) ನೋಡಿ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ, ಮೈನಸ್ 27 ಎಂದರೆ ಅಂಚಿನಲ್ಲಿದ್ದೀರಿ.

ಆಮೇಲೆ ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ ಸಂಪರ್ಕ) ಪುಟದಲ್ಲಿ ರೂಟ್ ಮೋಡ್ (ಡಬ್ಬಿಯೇ ರೌಟರ್ ಆಗಿ ಕೆಲಸ ಮಾಡುವ ಬಗೆ), ಪಿಪಿಪಿಒಇ, ವಿಲ್ಯಾನ್ ನಂಬರ್, ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) 1492 ತುಂಬಿ. ಅದೇ ಪುಟದ ಕೆಳಗೆ ಲ್ಯಾನ್ ಪೋರ್ಟ್, ವೈಫೈ ಹೆಸರುಗಳ ಮುಂದೆ ಟಿಕ್ ಹಾಕುವ ಚೌಕಗಳಿದ್ದರೆ ಬಿಡದೆ ಹಾಕಿ. ಡಬ್ಬಿಗೆ ಇಂಟರ್‌ನೆಟ್ ಬಂದು ಫೋನಿಗೆ ಬಾರದಿರಲು ಅದೇ ಕಾರಣವಾಗಿರುತ್ತದೆ. ಲಾಗಿನ್ ಆಗದಿದ್ದರೆ ಹಳೆಯ ರೌಟರಿನ ಸೆಷನ್ ಇನ್ನೂ ಮುಗಿದಿಲ್ಲ, ಇಲ್ಲವೇ ಅದರ ಮ್ಯಾಕ್‌ಗೆ ಖಾತೆ ಕಟ್ಟಿಹಾಕಿದ್ದಾರೆ. ಹತ್ತು ನಿಮಿಷ ಕಾದು ನೋಡಿ, ಆಗದಿದ್ದರೆ ಮ್ಯಾಕ್ ಬಿಡಿಸಲು ಹೇಳಿ.

ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ. ಟಿವಿ, ಕ್ಯಾಮೆರಾ, ಮನೆಮಂದಿಯ ಫೋನುಗಳೆಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಹಳೆಯ ಮೋಡೆಮ್ ಕಂಪನಿಯದ್ದಾಗಿದ್ದರೆ ಹಿಂದಿರುಗಿಸಿ ರಸೀದಿ ತೆಗೆದುಕೊಳ್ಳಿ.

ಪ್ರಶ್ನೆ: ಒಂದೇ ಡಬ್ಬಿ ಹಾಕಿದ ಮೇಲೆ ಒಳಕೋಣೆಯಲ್ಲಿ ವೈಫೈ ಮೊದಲಿಗಿಂತ ಕಡಿಮೆಯಾಗಿದೆ. ಡಬ್ಬಿಯೇ ಸರಿಯಿಲ್ಲವೆ?
– ಓದುಗರು, ಕುಂದಾಪುರ

ಉತ್ತರ: ಡಬ್ಬಿಯ ತಪ್ಪಲ್ಲ, ಜಾಗದ್ದು. ಮೊದಲು ರೌಟರ್ ನಡುಮನೆಯಲ್ಲಿದ್ದಿರಬೇಕು, ಈಗ ವೈಫೈ ಹೊರಡುವುದು ಫೈಬರ್ ಬಂದ ಬಾಗಿಲ ಹತ್ತಿರದಿಂದ. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸುಸ್ತಾಗಿರುತ್ತದೆ. ಹಳೆಯ ರೌಟರ್ ಇದೆಯಲ್ಲ, ಅದನ್ನೇ ನಡುಮನೆಯಲ್ಲಿಡಿ. ಹೊಸ ಡಬ್ಬಿಯ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಟ್ಟು, ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಆಮೇಲೆ ಕೇಬಲ್ ಹಾಕಿ. ಕೇಬಲ್ ಹಳೆಯ ರೌಟರಿನ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ. ಈ ಕ್ರಮ ತಪ್ಪಿ ಎರಡೂ ವಿಳಾಸ ಹಂಚತೊಡಗಿದರೆ ಮನೆಯ ಅರ್ಧ ಫೋನುಗಳಿಗೆ ನೆಟ್ ಇರುತ್ತದೆ, ಅರ್ಧಕ್ಕಿರುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಇಡಿ.

ಪ್ರಶ್ನೆ: ಹಳೆಯ ಮೋಡೆಮ್ಮಿನ ಅಡಾಪ್ಟರನ್ನೇ ಹೊಸದಕ್ಕೆ ಬಳಸಬಹುದೆ? ಪಿನ್ ಸರಿಯಾಗಿ ಕೂರುತ್ತದೆ.
– ಓದುಗರು, ಕೋಲಾರ

ಉತ್ತರ: ಪಿನ್ ಕೂರುವುದು ಮುಖ್ಯವಲ್ಲ. ವೋಲ್ಟ್ ಹೊಸ ಡಬ್ಬಿ ಕೇಳುವಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಹಳೆಯ ಮೋಡೆಮ್ಮಿಗೆ 12 ವೋಲ್ಟ್ 0.5 ಆಂಪಿಯರ್ ಸಾಕಿತ್ತು. ವೈಫೈ ಸೇರಿದ ಹೊಸದು 1 ಅಥವಾ 1.5 ಕೇಳುತ್ತದೆ. ಕಡಿಮೆ ಕೊಟ್ಟರೂ ದೀಪವೆಲ್ಲ ಹತ್ತುತ್ತದೆ. ಮನೆಮಂದಿಯೆಲ್ಲ ವಿಡಿಯೋ ಹಾಕಿ ಕೂತಾಗ ತಾನಾಗಿ ಆಫ್ ಆಗಿ ಆನ್ ಆಗುತ್ತದೆ. ಮಿನಿ ಯುಪಿಎಸ್ ಇಟ್ಟಿದ್ದರೆ ಅದರ ಮೇಲಿನ ಆಂಪಿಯರ್ ಕೂಡ ನೋಡಿ.