ಓದುಗರ ಪ್ರಶ್ನೆ: ಪೈಪಿನ ಗ್ಯಾಸು, ಮಂದ ಉರಿ

ಪ್ರಶ್ನೆ: ಸಿಲಿಂಡರ್ ಬಿಟ್ಟು ಪೈಪಿನ ಗ್ಯಾಸಿಗೆ ಬಂದು ತಿಂಗಳಾಯಿತು. ಒಲೆ ಹಳೆಯದೇ. ಎಷ್ಟು ಹೊತ್ತಾದರೂ ದೋಸೆ ಕಾವಲಿ ಕಾಯುವುದಿಲ್ಲ. ನಮ್ಮದು 20ನೇ ಮಹಡಿ. ನೀರಿನ ಹಾಗೆ ಗ್ಯಾಸೂ ಮೇಲೇರುತ್ತಾ ಒತ್ತಡ ಕಳೆದುಕೊಳ್ಳುತ್ತದೆಯೇ?
– ಮುಲುಂಡ್‌ನ ಓದುಗರು

ಉತ್ತರ: ಮಹಡಿಯನ್ನು ದೂರಬೇಡಿ. ಈ ಗ್ಯಾಸಿನ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಹಾಗಾಗಿ ಏರುಪೈಪಿನಲ್ಲಿ ಒತ್ತಡ ಇಳಿಯುವುದಿರಲಿ, ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 0.05 ಮಿಲಿಬಾರ್‌ನಷ್ಟು ಏರುತ್ತದೆ. 60 ಮೀಟರಿಗೆ 3 ಮಿಲಿಬಾರ್ ಆಯಿತು. ಆಮೇಲೆ ನಿಮ್ಮ ಮೀಟರಿನ ಪಕ್ಕದ ರೆಗ್ಯುಲೇಟರ್ ಅದನ್ನು 21 ಮಿಲಿಬಾರ್‌ಗೆ ತಂದು ನಿಲ್ಲಿಸುತ್ತದೆ.

ನಮ್ಮ ಅನುಮಾನ ಜೆಟ್ ಮೇಲೆ, ಅಂದರೆ ಬರ್ನರಿಗೆ ಗ್ಯಾಸು ಬಿಡುವ ತೂತಿನ ಪುಟ್ಟ ಬಿಡಿಭಾಗದ ಮೇಲೆ. ಗಾತ್ರ ಅಷ್ಟೇ ಇದ್ದರೂ ಸಿಲಿಂಡರ್ ಗ್ಯಾಸು ಪೈಪಿನ ಗ್ಯಾಸಿನ ಸುಮಾರು ಎರಡೂವರೆ ಪಟ್ಟು ಶಾಖ ಕೊಡುತ್ತದೆ, ಒತ್ತಡವೂ 30 ಮಿಲಿಬಾರ್. ಅದಕ್ಕೆಂದೇ ಮಾಡಿದ ಜೆಟ್ಟಿನ ತೂತು ಬಹಳ ಸಣ್ಣದು. ಪೈಪಿನ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು. ಕಂಪನಿಯ ಮೆಕ್ಯಾನಿಕ್‌ನಿಂದ ಎಲ್ಲ ಬರ್ನರ್‌ಗಳದ್ದೂ ಬದಲಿ ಮಾಡಿಸಿ. ಸೂಜಿ, ಡ್ರಿಲ್ ಹಾಕಿ ತೂತು ಅಗಲಿಸುವುದು ಬೇಡವೇ ಬೇಡ: ತೂತು ಓರೆಯಾದರೆ ಗಾಳಿ ಸರಿಯಾಗಿ ಬೆರೆಯದೆ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ತೆಗೆದ ಜೆಟ್‌ಗಳನ್ನು ಎಸೆಯಬೇಡಿ. ಮುಂದೆ ಈ ಒಲೆಯನ್ನು ಊರಿಗೆ ಕಳಿಸಿ ಸಿಲಿಂಡರಿಗೆ ಜೋಡಿಸುವುದಾದರೆ ಅವನ್ನೇ ಮರಳಿ ಹಾಕಬೇಕು. ಇಲ್ಲದಿದ್ದರೆ ಉರಿ ಪಾತ್ರೆ ದಾಟಿ ಮೇಲೇಳುತ್ತದೆ.

ಜೆಟ್ ಬದಲಿಸಿದ ಮೇಲೂ ಒಂದೇ ಬರ್ನರ್ ಮಂದವೆಂದರೆ ಉಕ್ಕಿದ ಹಾಲು ತೂತು ಕಟ್ಟಿರುತ್ತದೆ. ಎಲ್ಲವೂ ಮಂದವೇ? ಒಲೆಯ ಹಿಂದಿನ ರಬ್ಬರ್ ಪೈಪು ಮಡಚಿದೆಯೇ, ಕಾಕ್‌ನ (ಗ್ಯಾಸು ಬಿಡುವ, ಮುಚ್ಚುವ ನಲ್ಲಿಯ) ಹಿಡಿ ಪೈಪಿನ ನೇರಕ್ಕಿದೆಯೇ ನೋಡಿ.

ಪ್ರಶ್ನೆ: ರಸ್ತೆ ಅಗೆದಾಗ ಗ್ಯಾಸ್ ಪೈಪು ತುಂಡಾಯಿತು. ದುರಸ್ತಿಯಾಗಿ ಎದುರಿನ ಸೊಸೈಟಿಗೆ ಗ್ಯಾಸು ಬಂತು, ನಮಗೆ ಬರಲಿಲ್ಲ. ಏಕೆ?
– ಕೋಥ್ರೂಡ್, ಪುಣೆ

ಉತ್ತರ: ರಸ್ತೆಯಡಿಯ ಪಾಲಿಎಥಿಲೀನ್ ಪೈಪಿನ ಒತ್ತಡ ಸುಮಾರು 4 ಬಾರ್. ಕಟ್ಟಡಕ್ಕೆ ಬರುವ ಮೊದಲು ರೆಗ್ಯುಲೇಟರ್ ಅದನ್ನು 100 ಮಿಲಿಬಾರ್ ಆಸುಪಾಸಿಗೆ ಇಳಿಸುತ್ತದೆ. ಒತ್ತಡ ತೀರಾ ಕುಸಿದರೆ ರೆಗ್ಯುಲೇಟರಿನೊಳಗಿನ ಸುರಕ್ಷಾ ವಾಲ್ವ್ ಮುಚ್ಚಿಕೊಳ್ಳುತ್ತದೆ, ತಾನಾಗಿ ತೆರೆಯುವುದಿಲ್ಲ. ನಿಮ್ಮ ಕಟ್ಟಡದ್ದು ಹೀಗೆ ಮುಚ್ಚಿಕೊಂಡಿರಬೇಕು. ಅದು ದೋಷವಲ್ಲ, ನಿಮ್ಮ ಪ್ರಾಣ ಕಾಯುವ ಏರ್ಪಾಡು. ಯಾರದೋ ಮನೆಯಲ್ಲಿ ಆರಿದ ಒಲೆಯ ಗುಂಡಿ ತಿರುಗಿಸಿದಂತೆಯೇ ಉಳಿದಿದ್ದರೆ, ಗ್ಯಾಸು ಮರಳಿದ ಕೂಡಲೇ ಅಡುಗೆಮನೆ ತುಂಬುತ್ತಿತ್ತು. ಎಲ್ಲ ಮನೆಗಳ ಕಾಕ್ ಮುಚ್ಚಿಸಿ, ಕಂಪನಿಯವರಿಂದಲೇ ರೀಸೆಟ್ ಮಾಡಿಸಿ. ಕಾವಲುಗಾರನ ಕೈಗೆ ಬಿಡಬೇಡಿ.

ಪ್ರಶ್ನೆ: ಪೈಪಿನ ಗ್ಯಾಸು ಸೋರಿದರೂ ಕೆಳಗಿನ ಬಾಗಿಲು ತೆರೆದರೆ ಸಾಕೇ?
– ಮಡಗಾಂವ್

ಉತ್ತರ: ಸಾಲದು. ಸಿಲಿಂಡರ್ ಗ್ಯಾಸು ನೆಲ ಹಿಡಿಯುತ್ತದೆ, ಇದು ಛಾವಣಿಯಡಿ ಸೇರುತ್ತದೆ. ಗಾಳಿಯಲ್ಲಿ 5ರಿಂದ 15 ಶೇಕಡಾ ಇದ್ದಾಗ ಕಿಡಿ ತಗುಲಿದರೆ ಸ್ಫೋಟ. ಇದಕ್ಕೆ ಸ್ವಂತ ವಾಸನೆಯಿಲ್ಲ. ಶೇಕಡಾ 1ರಷ್ಟಿದ್ದಾಗಲೇ ಮೂಗಿಗೆ ಬಡಿಯಲೆಂದು ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಾಕ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ಹೊರಗೆ ಹೋಗಿ ಫೋನ್ ಮಾಡಿ. ಮಳೆಗಾಲಕ್ಕೆಂದು ಮೇಲಿನ ವೆಂಟಿಲೇಟರಿಗೆ ರಟ್ಟು ಹೊಡೆದಿದ್ದರೆ ಇಂದೇ ತೆಗೆಯಿರಿ.