ಸೆನೆಕಾ ಹಾರಿಸಿದವರಿಗೆ ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

ಸೆನೆಕಾ ಅನ್ನೋ ಎರಡು ಇಂಜಿನ್ನಿನ ಪುಟ್ಟ ವಿಮಾನದಲ್ಲಿ ಮಲ್ಟಿ ಇಂಜಿನ್ ರೇಟಿಂಗ್ (ಒಂದಕ್ಕಿಂತ ಹೆಚ್ಚು ಇಂಜಿನ್ನಿನ ವಿಮಾನ ಹಾರಿಸೋ ಅರ್ಹತೆ) ಮುಗಿಸಿ ಚಿಂತಾಮಣಿಯ ಮನೇಲಿ ಕೂತು ಓದ್ತಿದ್ದೀನಿ, ಪೈಲಟ್ ಇಂಟರ್‌ವ್ಯೂನ ಟೆಕ್ನಿಕಲ್ ರೌಂಡಿಗೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಪಕ್ಕದ ಕೋಲಾರದವನು. ನಾನು ಎಡವಿದ ಜಾಗದಿಂದಲೇ ಶುರು ಮಾಡ್ತೀನಿ.

"ನೀವು ಹಾರಿಸಿದ ವಿಮಾನದ ಕ್ರಿಟಿಕಲ್ ಇಂಜಿನ್ ಯಾವುದು?" ಅಂದ್ರು ಇಂಟರ್‌ವ್ಯೂ ಮಾಡೋರು. ಅಂದ್ರೆ, ಯಾವ ಇಂಜಿನ್ ನಿಂತರೆ ವಿಮಾನ ಹಿಡಿತದಲ್ಲಿಡೋದು ಹೆಚ್ಚು ಕಷ್ಟ ಅಂತ. ಬಾಯಿಪಾಠ ಇತ್ತಲ್ಲ, "ಎಡಗಡೇದು ಸರ್" ಅಂದುಬಿಟ್ಟೆ. ಸೆನೆಕಾದ ಎರಡು ಪ್ರೊಪೆಲರ್ ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ, ಅದಕ್ಕೆ ಕ್ರಿಟಿಕಲ್ ಇಂಜಿನ್ನೇ ಇಲ್ಲ! 200 ಗಂಟೆ ಓದಿದ್ದು ಅಲ್ಲಿಗೆ ನೀರುಪಾಲು.

ಎಡಗಡೇದು ಅನ್ನೋ ಉತ್ತರ ಹಿಂದಿನಿಂದ ನೋಡಿದಾಗ ಎರಡೂ ಪ್ರೊಪೆಲರ್ ಗಡಿಯಾರದ ದಿಕ್ಕಿಗೇ ತಿರುಗುವ ವಿಮಾನಗಳಿಗೆ. ಮೂಗು ಎತ್ತಿದಾಗ ಬಲಬದಿಯಲ್ಲಿ ಕೆಳಗಿಳಿಯುವ ಬ್ಲೇಡ್ ಜಾಸ್ತಿ ಎಳೆಯುತ್ತೆ. ಹಾಗಾಗಿ ಬಲ ಇಂಜಿನ್ನಿನ ಎಳೆತ ಮಧ್ಯದಿಂದ ಇನ್ನಷ್ಟು ದೂರ ಹೋಗುತ್ತೆ, ಎಡದ್ದು ಹತ್ತಿರ ಬರುತ್ತೆ. ನಮ್ಮ ಕಡೆ ಸೋತ ಎತ್ತಿಗೆ ನೊಗದ ಉದ್ದನೆ ಕಡೆ ಬಿಡ್ತಾರಲ್ಲ, ಅದೇ ಲೆಕ್ಕ. ಎಡ ಇಂಜಿನ್ ನಿಂತರೆ ಉದ್ದದ ಕಡೆಯಿಂದ ಎಳೆಯೋ ಬಲದ್ದು ವಿಮಾನವನ್ನ ಎಡಕ್ಕೆ ತಿರುಗಿಸುತ್ತೆ, ಅದನ್ನ ತಡೆಯೋಕೆ ರಡ್ಡರ್ (ಬಾಲದ ಚುಕ್ಕಾಣಿ) ಸಾಲದೆ ಬರುತ್ತೆ.

ಆಮೇಲೆ ಪ್ರೊಪೆಲರ್. ಒಂದೇ ಇಂಜಿನ್ನಿನ ವಿಮಾನದಲ್ಲಿ ಸಾಮಾನ್ಯವಾಗಿ ಆಯಿಲ್ ಪ್ರೆಷರ್ ಬ್ಲೇಡನ್ನ ಕೋರ್ಸ್ (ಹೆಚ್ಚು ಕೋನದ) ಕಡೆ ತಳ್ಳುತ್ತೆ. ಸೆನೆಕಾದಲ್ಲಿ ಉಲ್ಟಾ, ಆಯಿಲ್ ಫೈನ್ (ಕಡಿಮೆ ಕೋನದ) ಕಡೆ ತಳ್ಳುತ್ತೆ. ಆಯಿಲ್ ಸೋರಿಹೋದರೆ ಪ್ರೊಪೆಲರ್ ತಾನೇ ಫೆದರ್ ಆಗಲಿ, ಅಂದ್ರೆ ಬ್ಲೇಡಿನ ಅಂಚು ಗಾಳಿಗೆ ಎದುರಾಗಿ ತಿರುಗಿ ಗಾಳಿಯ ತಡೆ ಕಮ್ಮಿಯಾಗಲಿ ಅಂತ. ಅಷ್ಟು ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತೆ: "ಹಾಗಾದ್ರೆ ನಿಲ್ಲಿಸಿದ ವಿಮಾನದಲ್ಲಿ ಯಾಕೆ ಫೆದರ್ ಆಗಿರಲ್ಲ?" ಸುಮಾರು 800 ಆರ್‌ಪಿಎಂ ಕೆಳಗೆ ಲಾಕ್ ಪಿನ್ ಕೂತು ತಡೆಯುತ್ತೆ. ಇದರ ಬಾಲ ಇನ್ನೊಂದಿದೆ: ಗಾಳಿಯಲ್ಲಿ ಇಂಜಿನ್ ಕೆಟ್ಟಾಗ ಆರ್‌ಪಿಎಂ ಅಷ್ಟಕ್ಕಿಳಿಯೋ ಮುಂಚೆ ಫೆದರ್ ಮಾಡಲೇಬೇಕು, ತಡಮಾಡಿದ್ರೆ ಆಗಲ್ಲ.

ಒಂದು ಇಂಜಿನ್ ಹೋದರೆ ಶಕ್ತಿ ಅರ್ಧ ಹೋಗುತ್ತೆ, ಆದರೆ ಏರುವ ಸಾಮರ್ಥ್ಯ 80 ಪರ್ಸೆಂಟಿಗೂ ಮೇಲೆ ಹೋಗಬಹುದು. ಯಾಕೆ ಅಂತ ಕೇಳಿದ್ರೆ, ಏರೋದು ಮಟ್ಟವಾಗಿ ಹಾರೋಕೆ ಬೇಕಾದ್ದು ಕಳೆದು ಉಳಿಯೋ ಶಕ್ತಿಯಿಂದ ಅನ್ನಿ.

ವಿಎಂಸಿ (ಒಂದು ಇಂಜಿನ್ ನಿಂತಾಗ ವಿಮಾನ ಹಿಡಿತದಲ್ಲಿರೋಕೆ ಬೇಕಾದ ಕನಿಷ್ಠ ವೇಗ) ಎತ್ತರಕ್ಕೆ ಹೋದಂತೆ ಕಡಿಮೆಯಾಗುತ್ತೆ, ಸ್ಟಾಲ್ ಸ್ಪೀಡ್ (ಇದಕ್ಕಿಂತ ಕೆಳಗಿಳಿದರೆ ರೆಕ್ಕೆ ವಿಮಾನವನ್ನ ಹೊರಲಾರದ ವೇಗ) ವೇಗದ ಮೀಟರಿನಲ್ಲಿ ಹಾಗೇ ಇರುತ್ತೆ, ಒಂದು ಎತ್ತರದಲ್ಲಿ ಎರಡೂ ಸೇರುತ್ತವೆ. ಇದನ್ನ ಹೇಳುವಾಗ "ಟರ್ಬೊ ಇಲ್ಲದ ಇಂಜಿನ್ನಿಗೆ" ಅಂತ ಸೇರಿಸಿ. ಟರ್ಬೊ ಅಂದ್ರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಎತ್ತರದಲ್ಲೂ ಶಕ್ತಿ ಕುಗ್ಗದಂತೆ ನೋಡೋ ಸಾಧನ. ಸೆನೆಕಾ 2ರಿಂದ ಮುಂದಿನ ಮಾಡೆಲ್‌ಗಳಲ್ಲಿ ಟರ್ಬೊ ಇದೆ, ನಿಮ್ಮದು ಯಾವುದು ಅಂತ ಅವರು ಕೇಳೇ ಕೇಳ್ತಾರೆ.