ಮಂತ್ರದಿಂದ ಕಾಮಾಲೆ ಇಳಿಸುವ ಬಾಬಾನ ಮೋಸವನ್ನು ಮನೆಯವರೆಲ್ಲರ ಮುಂದೆ ಬಯಲು ಮಾಡುವುದು ಹೇಗೆ?

ಬಾಬಾ ಮಾವನ ಕೈ ತೊಳೆಸಿದ, ನೀರು ಹಳದಿಯಾಯಿತು, ಅತ್ತೆ ಕೈಮುಗಿದರು, ನಿಮಗೆ ಮೈ ಉರಿಯಿತು. ಐದು ಬುಧವಾರ ಬಂದರೆ ಕಾಮಾಲೆ ಪೂರ್ತಿ ಇಳಿಯುತ್ತದೆ ಅಂದಿದ್ದಾನೆ. ಅವನ ಆಟವನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಇಷ್ಟೇ ಅಲ್ವಾ? ನಿಮ್ಮದು ಪುಣೆ, ನಮ್ಮದು ಮುಂಬೈ ಪಕ್ಕದ ಡೊಂಬಿವಲಿ. ಬಾಬಾ ಬೇರೆ ಇರಬಹುದು, ಆಟ ಮಾತ್ರ ಅದೇ. ಆ ಆಟವನ್ನು ನಾನು ನಮ್ಮ ಮನೆಯ ಹಾಲ್‌ನಲ್ಲೇ ಆಡಿ ತೋರಿಸಿದ್ದೇನೆ. ಗೆದ್ದೆ ಕೂಡ. ಅದಾದ ಎರಡು ವಾರದೊಳಗೆ ನನ್ನ ಚಿಕ್ಕಪ್ಪ ಐಸಿಯುನಲ್ಲಿದ್ದರು.

ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮ್ಮ ತಲೆ ಅಲ್ಲೇ ಇರುತ್ತದೆ. ಮಾವಿನ ಮರದ ತೊಗಟೆ ಜಜ್ಜಿ, ನೆನೆಸಿ, ಆ ರಸವನ್ನು ಕೈಗೆ ಸವರಿ ಒಣಗಿಸಿದರೆ ಎದ್ದು ಕಾಣುವಂಥದ್ದೇನೂ ಇರುವುದಿಲ್ಲ. ಮೇಲೆ ಸುಣ್ಣದ ತಿಳಿನೀರು ಸುರಿದರೆ ಹಳದಿ ಇಳಿಯುತ್ತದೆ. ಕಾಮಾಲೆ ಇಲ್ಲದವನ ಕೈ ತೊಳೆದರೂ ಹಳದಿಯೇ. ಅಮ್ಮಂದಿರು ಆರತಿಗೆ ಅರಶಿನ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತಾರಲ್ಲ, ಇದು ಅದರದ್ದೇ ಜಾತಿ. ಇನ್ನು ಕುತ್ತಿಗೆಗೆ ಹಾಕುವ ಮಾಲೆ. ಮೊದಲ ದಿನ ಎದೆಯ ಮೇಲೆ, ವಾರ ಕಳೆದರೆ ಹೊಕ್ಕಳ ತನಕ. ಮಾಲೆ ಇಳಿದ ಹಾಗೆ ಕಾಮಾಲೆ ಇಳಿಯಿತು ಅನ್ನುತ್ತಾರೆ. ಅದು ಹಸಿ ಕಡ್ಡಿಗಳ ಚೂರುಗಳನ್ನು ದಾರದಲ್ಲಿ ಸುತ್ತಿ ಬಿಗಿದ ಮಾಲೆ. ಕಡ್ಡಿ ಒಣಗಿ ಸಣ್ಣಗಾದಂತೆ ಸುತ್ತಿದ ದಾರ ಸಡಿಲವಾಗುತ್ತದೆ, ಮಾಲೆ ಉದ್ದವಾಗುತ್ತದೆ. ಗೋಡೆಯ ಮೊಳೆಗೆ ನೇತುಹಾಕಿದರೂ ಉದ್ದವಾಗುತ್ತದೆ, ಗೋಡೆಗೆ ಕಾಮಾಲೆ ಬೇಕಾಗಿಲ್ಲ.

ಆಯ್ತು. ಈಗ ಇದನ್ನು ಹಿಡಿದುಕೊಂಡು ಮಾವನ ಮುಂದೆ ಹೋಗಬೇಡಿ. ಯಾಕೆ ಅಂತ ಹೇಳುತ್ತೇನೆ.

ನನಗೆ ಈ ಹುಚ್ಚು ಹಿಡಿದದ್ದು 1995ರ ಸೆಪ್ಟೆಂಬರ್ 21ರಂದು, ಗಣಪತಿ ಹಾಲು ಕುಡಿದ ದಿನ. ಒಂಬತ್ತನೇ ಕ್ಲಾಸು. ಅಮ್ಮ ಕೈಗೆ ಲೋಟ, ಚಮಚ ಕೊಟ್ಟು ಗುಡಿಯ ಸಾಲಿನಲ್ಲಿ ನಿಲ್ಲಿಸಿದ್ದಳು. ನನ್ನ ಚಮಚವೂ ಖಾಲಿಯಾಯಿತು. ಆದರೆ ನಾನು ಗಿಡ್ಡ ಇದ್ದೆ, ನನ್ನ ಕಣ್ಣು ಗಣಪತಿಯ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು. ಹೊಟ್ಟೆಯ ಕೆಳಗೆ ತೆಳ್ಳಗೆ ಬಿಳಿ ಗೆರೆ ಇಳಿಯುತ್ತಿತ್ತು. ಆಮೇಲೆ ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ಅದನ್ನೇ ತೋರಿಸಿದರು. ಚಮಚ ಸೊಂಡಿಲಿಗೆ ತಾಗಿದ ಕೂಡಲೇ ಕಲ್ಲಿನ ಮೈ ಹಾಲನ್ನು ಎಳೆದುಕೊಂಡು ಪದರವಾಗಿ ಕೆಳಗಿಳಿಸುತ್ತದೆ. ಊರೆಲ್ಲ ನೋಡದ್ದನ್ನು ನಾನು ನೋಡಿದ್ದೆ ಎಂಬ ಜಂಬ ಅಂದೇ ತಲೆಗೇರಿತು.

ಕಾಲೇಜಿನಲ್ಲಿದ್ದಾಗ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರ ಒಂದು ಪ್ರಾತ್ಯಕ್ಷಿಕೆಗೆ ಹೋದೆ. ದಾಸವಾಳದ ದಳ ತಿಕ್ಕಿದ ಚಾಕುವಿನಿಂದ ಲಿಂಬೆ ಕೊಯ್ದು ರಕ್ತ ಬರಿಸುವುದು, ಈ ತೊಗಟೆಯ ಆಟ, ಎಲ್ಲ ಕಲಿತೆ. ಸಮಿತಿ ಕಟ್ಟಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ನಿಮ್ಮ ಪುಣೆಯಲ್ಲೇ, ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ವಾಕಿಂಗ್‌ಗೆ ಹೊರಟಿದ್ದರು. ಆ ವರ್ಷದಿಂದ ನನಗೆ ಆವೇಶ ಇನ್ನೂ ಜಾಸ್ತಿಯಾಯಿತು. ಮದುವೆ ಮನೆಯಲ್ಲೂ ಬಿಡುತ್ತಿರಲಿಲ್ಲ.

ನನ್ನ ಈ ಆವೇಶಕ್ಕೆ ಸುಲಭವಾಗಿ ಸಿಗುತ್ತಿದ್ದವರು ಚಿಕ್ಕಪ್ಪ. ಘಾಟ್ಕೋಪರ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಕುಂದಾಪುರ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು. ನನ್ನ ಕಾಲೇಜಿನ ಫೀಸು ಕಟ್ಟಿದವರೂ ಅವರೇ. 2006ರ ಆಗಸ್ಟ್‌ನಲ್ಲಿ ಮಾಹಿಮ್‌ನ ಸಮುದ್ರದ ನೀರು ಸಿಹಿಯಾಗಿದೆ ಎಂದು ಊರಿಗೆ ಊರೇ ಓಡಿತಲ್ಲ, ಆಗ ಬಾಟ್ಲಿ ತುಂಬಿಸಿಕೊಂಡು ನಮ್ಮ ಮನೆಗೂ ತಂದಿದ್ದರು. ಮಳೆ ನೀರು ಬಂದು ಸೇರಿ ಉಪ್ಪು ಕಡಿಮೆಯಾಗಿತ್ತು, ಅಷ್ಟೇ. ಊರಿನ ಕೊಳಕೆಲ್ಲ ಹೋಗಿ ಬೀಳುವ ಜಾಗ ಅದು, ಕುಡಿಯಬೇಡಿ ಎಂದು ಸರ್ಕಾರ ಕೂಗಿ ಹೇಳುತ್ತಿತ್ತು. ನಾನು ಅವರೆದುರೇ ಬಾಟ್ಲಿಯನ್ನು ಸಂಡಾಸಿಗೆ ಸುರಿದೆ. ಅವರು ಪೆಚ್ಚಾಗಿ ನಕ್ಕರು. ಎರಡು ಲೋಕಲ್ ಬದಲಿಸಿ, ಚೆಲ್ಲದ ಹಾಗೆ ಹಿಡಿದುಕೊಂಡು ಬಂದಿದ್ದರು.

2017ರ ಜುಲೈ. ಚಿಕ್ಕಪ್ಪನ ಕಣ್ಣು ಹಳದಿಯಾಗಿದೆ, ಹೋಟೆಲಿನ ಹುಡುಗನೊಬ್ಬ ಯಾರೋ ಬಾಬಾನ ಹತ್ತಿರ ಕರೆದುಕೊಂಡು ಹೋಗಿದ್ದಾನೆ ಎಂದು ಚಿಕ್ಕಮ್ಮ ಫೋನ್ ಮಾಡಿದರು. ಮರಾಠಿಯವರು ಕಾವೀಳ್ ಅನ್ನುವುದನ್ನು ಇಳಿಸುವುದರಲ್ಲಿ ಬಾಬಾ ಫೇಮಸ್ಸಂತೆ. ನನಗೆ ಒಳಗೊಳಗೇ ಖುಷಿಯಾಯಿತು. ಹೌದು, ಖುಷಿ. ನನಗೆ ಗೊತ್ತಿದ್ದ ಆಟ ಮನೆಯ ಬಾಗಿಲಿಗೇ ಬಂದಿತ್ತು. ಶನಿವಾರ ಸೊಸೈಟಿಯ ಮಾವಿನ ಮರದಿಂದ ತೊಗಟೆ ಕೆತ್ತಿ ತಂದೆ. ಪಾನ್‌ವಾಲಾನ ಹತ್ತಿರ ಸುಣ್ಣ ತಂದು ನೀರಿಗೆ ಕಲಸಿ ಇಟ್ಟೆ. ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದೆ.

ಊಟವಾದ ಮೇಲೆ ಸ್ಟೀಲಿನ ಪರಾತ, ಅಂದರೆ ಅಗಲದ ದೊಡ್ಡ ತಟ್ಟೆ, ತಂದಿಟ್ಟೆ. ಚಿಕ್ಕಪ್ಪನ ಕೈ ತೊಳೆಸಿದರೆ ಮಜಾ ಇಲ್ಲ, ಆರೋಗ್ಯವಾಗಿರುವ ನನ್ನ ಭಾವನ ಕೈ ತೊಳೆಸಿದೆ. ಬಾಯಲ್ಲಿ ಏನೋ ಮಣಮಣ ಅಂದೆ. ಹಳದಿ ನೀರು ಸೊರಸೊರ ಇಳಿಯಿತು. ಅಕ್ಕನ ಮಗ ಚಪ್ಪಾಳೆ ತಟ್ಟಿದ. ಭಾವ, "ಅಯ್ಯೋ, ನನಗೂ ಕಾಮಾಲೆ!" ಎಂದು ಕಣ್ಣು ಅರಳಿಸಿದರು. ಎಲ್ಲರೂ ನಕ್ಕರು. ಚಿಕ್ಕಪ್ಪ ಮೊಣಕೈ ಕೆರೆದುಕೊಳ್ಳುತ್ತಾ ಕೂತಿದ್ದರು. ಅಂಗಿಯ ಒಳಗೆ ಮಾಲೆ ಇತ್ತು, ಹೊರಗೆ ಕಾಣದ ಹಾಗೆ ಮೇಲಿನ ಗುಂಡಿ ಹಾಕಿಕೊಂಡರು. "ಆಯ್ತು ಮಾರಾಯ, ನೀನು ಓದಿದವ" ಅಂದರು. ಎಂಟು ಗಂಟೆಯ ಲೋಕಲ್ ಸಿಗಬೇಕು ಎಂದು ಐದಕ್ಕೇ ಎದ್ದು ಹೋದರು.

ಈಗ ನನ್ನ ತಪ್ಪು ಯಾವುದು ಅಂತ ಹೇಳಬೇಕು. ಅವಮಾನ ಮಾಡಿದ್ದು ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ಅದೂ ಹೌದು, ಆದರೆ ಅದು ಎರಡನೆಯದ್ದು. ಮೊದಲನೆಯದ್ದು ಏನೆಂದರೆ, ಆ ಇಡೀ ಮಧ್ಯಾಹ್ನ ನಾನು ಅವರ ಕಾಯಿಲೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಜ್ವರ ಇದೆಯಾ, ಹೊಟ್ಟೆ ನೋಯುತ್ತದಾ, ರಕ್ತ ಪರೀಕ್ಷೆ ಆಗಿದೆಯಾ, ಏನೂ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬಾಬಾ ಮಾತ್ರ. ಬಾಬಾ ಸುಳ್ಳು ಎಂದು ತೋರಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಬಾಬಾ ಸುಳ್ಳಾದರೂ ಕಾಮಾಲೆ ನಿಜ ತಾನೆ? ಅವರು ಮೊಣಕೈ ಕೆರೆದುಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೇನೆ, ಈಗಲೂ ಕಣ್ಣಿಗೆ ಕಟ್ಟುತ್ತದೆ. ಸೊಳ್ಳೆ ಅಂದುಕೊಂಡೆ.

ಅದು ಸೊಳ್ಳೆಯಲ್ಲ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಲಿವರ್ ಅದನ್ನು ಪಿತ್ತದ ಜೊತೆ ಕರುಳಿಗೆ ಸಾಗಿಸುತ್ತದೆ. ಮಲಕ್ಕೆ ಬಣ್ಣ ಬರುವುದೇ ಅದರಿಂದ. ದಾರಿಯಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ಬಂದರೆ ಕರುಳಿಗೆ ಹೋಗಬೇಕಾದ್ದು ರಕ್ತಕ್ಕೆ ತಿರುಗುತ್ತದೆ. ಆಗ ಮೂತ್ರ ಕಪ್ಪು ಚಹಾದ ಹಾಗೆ, ಮಲ ಬಿಳಿಚಿ ಸೇಡಿಮಣ್ಣಿನ ಹಾಗೆ, ಮೈಯೆಲ್ಲ ತುರಿಕೆ. ಚಿಕ್ಕಪ್ಪನ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಈ ಕಲ್ಲು ಒಮ್ಮೊಮ್ಮೆ ಸ್ವಲ್ಪ ಸರಿಯುತ್ತದೆ, ಹಳದಿ ಇಳಿದಂತೆ ಕಾಣುತ್ತದೆ. ಎರಡನೇ ಬುಧವಾರ ಹಾಗೇ ಆಗಿತ್ತಂತೆ. ಮಾಲೆಯೂ ಇಳಿದಿತ್ತು. ಅವರು ನಂಬದೆ ಇನ್ನೇನು ಮಾಡುತ್ತಾರೆ?

ಎರಡನೇ ತಪ್ಪಿನ ಫಲ ಆಮೇಲೆ ಬಂತು. ಹಳದಿ ಮತ್ತೆ ಏರಿದಾಗ ಚಿಕ್ಕಪ್ಪ ಚಿಕ್ಕಮ್ಮನಿಗೆ, "ಅವನಿಗೆ ಹೇಳಬೇಡ, ಪುನಃ ಪರಾತ ತರುತ್ತಾನೆ" ಅಂದರಂತೆ. ಹನ್ನೊಂದು ದಿನ ನನಗೆ ಸುದ್ದಿಯಿಲ್ಲ. ನಾನು ಆ ಹಳದಿ ನೀರಿನ ವಿಡಿಯೊ ಹಂಚುವುದರಲ್ಲಿ ಇದ್ದೆ. ಚಳಿಜ್ವರ ಬಂತು. ಮುಂಬೈ ಮಳೆಗಾಲ, ಮಲೇರಿಯಾ ಇರಬೇಕೆಂದು ಕ್ರೋಸಿನ್ ನುಂಗಿದರು. ಹನ್ನೆರಡನೇ ದಿನ ಬೆಳಿಗ್ಗೆ ಮಾತು ತೊದಲುತ್ತಿದೆ ಎಂದು ಪಕ್ಕದ ಮನೆಯವರು ಫೋನ್ ಮಾಡಿದರು.

ಬಿಲಿರುಬಿನ್ 1ರ ಆಸುಪಾಸು ಇರಬೇಕಾದದ್ದು 14 ಇತ್ತು. ಸೋಂಕು ರಕ್ತಕ್ಕೆ ಏರಿತ್ತು. ಬಾಯಿಯಿಂದ ದುರ್ಬೀನಿನ ಕೊಳವೆ (ಎಂಡೋಸ್ಕೋಪ್) ಇಳಿಸಿ ಕಲ್ಲು ತೆಗೆದರು, ಆರು ದಿನ ಐಸಿಯು, ಆಮೇಲೆ ಪಿತ್ತಕೋಶದ ಆಪರೇಷನ್. ಊರಿನ ಜಾಗಕ್ಕೆಂದು ಕೂಡಿಟ್ಟ ದುಡ್ಡು ಹೋಯಿತು. ಡಾಕ್ಟರು ಚಿಕ್ಕಮ್ಮನನ್ನು ಕೇಳಿದ ಮೊದಲ ಪ್ರಶ್ನೆ, ಮಲ ಬಿಳಿ ಬರಲು ಶುರುವಾಗಿ ಎಷ್ಟು ದಿನವಾಯಿತು? ಚಿಕ್ಕಮ್ಮ ಬೆರಳು ಎಣಿಸಿದರು. "ಇವರ ಮನೆಗೆ ಊಟಕ್ಕೆ ಹೋದೆವಲ್ಲ, ಅದಕ್ಕೆ ಎರಡು ದಿನ ಮೊದಲು" ಎಂದು ನನ್ನ ಕಡೆ ತೋರಿಸಿದರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯನ್ನು ನಾಲ್ಕು ಸಲ ಓದಿದೆ. ಬಾಬಾನ ಗಡ್ಡ, ತಂಬಿಗೆ, ಅವನ ಮುಂದೆ ಕೂತ ಸಾಲು, ಎಲ್ಲ ಬರೆದಿದ್ದೀರಿ. ಮಾವನ ವಯಸ್ಸು ಬರೆದಿಲ್ಲ. ಜ್ವರ ಇದೆಯೋ ಇಲ್ಲವೋ ಬರೆದಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರಾದರೂ ಪರವಾಗಿಲ್ಲ.

ಬಾಬಾನ ಹತ್ತಿರ ಹೋಗುವುದನ್ನು ತಡೆಯಲೇಬೇಡಿ. ನೀವೇ ಗಾಡಿ ಮಾಡಿ ಕರೆದುಕೊಂಡು ಹೋಗಿ. ಹೋಗುವ ದಾರಿಯಲ್ಲಿ ಲ್ಯಾಬಿನಲ್ಲಿ ರಕ್ತ ಕೊಡಿಸಿ. "ಎಷ್ಟು ಇಳಿದಿದೆ ಅಂತ ಗೊತ್ತಾಗಬೇಕಲ್ಲ ಮಾವ, ಇವತ್ತಿನದ್ದು ಬರೆದಿಟ್ಟುಕೊಳ್ಳೋಣ" ಅನ್ನಿ. ನಂಬುವವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಎಲ್‌ಎಫ್‌ಟಿ ಅಂದರೆ ಲಿವರ್ ಹೇಗಿದೆ ಎಂದು ನೋಡುವ ರಕ್ತ ಪರೀಕ್ಷೆ, ಜೊತೆಗೆ ಹೊಟ್ಟೆಯ ಸೋನೋಗ್ರಫಿ. ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ. 2019ರಲ್ಲಿ ಅದೇ ಹೋಟೆಲಿನ ಒಬ್ಬ ಹುಡುಗನಿಗೆ ಕಾಮಾಲೆ ಬಂದಾಗ ಹೀಗೇ ಮಾಡಿದೆ. ಅವನದ್ದು ಕೊಳಕು ನೀರಿನಿಂದ ಬರುವ ಹೆಪಟೈಟಿಸ್. ಎ ಮತ್ತು ಇ ಎಂಬ ಈ ಎರಡು ಜಾತಿಯವು ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಬಾಬಾಗಳು ಬದುಕುವುದೇ ಇದರ ಮೇಲೆ, ಐದು ಬುಧವಾರದ ಲೆಕ್ಕವೂ ಅದೇ. (ಬಸುರಿಯರಿಗೆ ಮಾತ್ರ ಇ ಜಾತಿಯದ್ದು ಜೀವಕ್ಕೇ ಅಪಾಯ. ಅವರ ವಿಷಯದಲ್ಲಿ ಒಂದು ದಿನವೂ ಕಾಯಬಾರದು.) ಹುಡುಗ ಗುಣವಾದ, ಹೆಸರು ಬಾಬಾನಿಗೆ ಹೋಯಿತು. ಹೋಗಲಿ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿ ನಿಲ್ಲಿ. ಬಾಬಾ ಕುಡಿಯಲು, ಮೂಗಿಗೆ ಬಿಡಲು ಏನೇ ಕೊಟ್ಟರೂ ಬೇಡ, ಬರೆ ಹಾಕುವುದು ಬೇಡವೇ ಬೇಡ. ಮೊದಲೇ ಸೋತ ಲಿವರ್ ಅದು. ಮಾಲೆ, ನೀರು, ಮಂತ್ರ ಎಷ್ಟು ಬೇಕಾದರೂ ಮಾಡಿಕೊಳ್ಳಲಿ. ಪೊಲೀಸ್ ಕಂಪ್ಲೇಂಟ್ ಕೊಡಲಾ ಅಂತಲೂ ಕೇಳಿದ್ದೀರಿ. ಮಹಾರಾಷ್ಟ್ರದ 2013ರ ವಾಮಾಚಾರ ತಡೆ ಕಾಯ್ದೆಯಲ್ಲಿ, ನಾಯಿ, ಹಾವು, ಚೇಳು ಕಚ್ಚಿದವರಿಗೆ ಔಷಧಿ ತಪ್ಪಿಸಿ ಮಂತ್ರ ಹಾಕುವುದು ಅಪರಾಧ ಎಂದು ಹೆಸರು ಹಿಡಿದೇ ಬರೆದಿದೆ. ಕಾಮಾಲೆಗೆ ಏನು ಅನ್ವಯಿಸುತ್ತದೆ ಎಂದು ವಕೀಲರನ್ನು ಆಮೇಲೆ ಕೇಳಿ. ಅತ್ತೆ ಠಾಣೆಯಲ್ಲಿ ಬಾಬಾನ ಪರ ನಿಲ್ಲುತ್ತಾರೆ, ಬರೆದಿಟ್ಟುಕೊಳ್ಳಿ.

ಚಿಕ್ಕಪ್ಪ ಈಗ ಚೆನ್ನಾಗಿದ್ದಾರೆ. ಆದರೆ ಶುಗರ್ ಬಂದದ್ದು, ಕಣ್ಣಿನ ಪೊರೆ ತೆಗೆಸಿದ್ದು, ಎಲ್ಲವೂ ನನಗೆ ಅಕ್ಕನ ಮಗನಿಂದಲೇ ಗೊತ್ತಾದದ್ದು.

ನೀವು ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಮಾವನನ್ನು ಎರಡೇ ಮಾತು ಕೇಳಿ. ಮಲ ಯಾವ ಬಣ್ಣ? ರಾತ್ರಿ ಚಳಿ ಬರುತ್ತದಾ? ಬಿಳಿಚಿದೆ, ಚಳಿಜ್ವರವೂ ಇದೆ ಅಂದರೆ ಬುಧವಾರವನ್ನೂ ಕಾಯಬೇಡಿ, ಲ್ಯಾಬನ್ನೂ ಕಾಯಬೇಡಿ, ಸೀದಾ ದೊಡ್ಡಾಸ್ಪತ್ರೆಗೆ. ಉತ್ತರವನ್ನು ಇಲ್ಲಿ ನನಗೆ ಬರೆಯುತ್ತಾ ಕೂರಬೇಡಿ, ಡಾಕ್ಟರಿಗೆ ಹೇಳಿ.